ಕಾನು ಜೇಕಿನ ಲೆಕ್ಕ

ಆಗುಂಬೆ ಸುತ್ತಿನ ಕಾನಿಗೆ ಹೊಕ್ಕವರ ಕಣ್ಣು ಮೊದಲು ಹೋಗುವುದು ಮೇಲಕ್ಕೆ. ಬಲಗಿ, ಧೂಪ, ನಾಗಸಂಪಿಗೆಗಳು ನೆತ್ತಿಯ ಮೇಲೆ ಚಪ್ಪರ ಹಾಕಿ ನಿಂತಿರುತ್ತವೆ. ಕತ್ತು ನೋಯುವ ತನಕ ನೋಡಿ, ಆಮೇಲೆ ಉಂಬಳ ಹತ್ತಿತೇ ಎಂದು ಕಾಲು ನೋಡಿಕೊಳ್ಳುತ್ತೇವೆ. ಇವೆರಡರ ನಡುವೆ, ಮೊಣಕಾಲಿನ ಮಟ್ಟದಲ್ಲಿ ಇರುವುದು ತಪ್ಪಿಹೋಗುತ್ತದೆ. ಹಳ್ಳದ ದಡದಲ್ಲಿ, ಬೇಸಿಗೆಯಲ್ಲೂ ಪಸೆ ಆರದ ಮಣ್ಣಿನಲ್ಲಿ, ಕಡುಹಸಿರು ಎಲೆಗಳ ಹಿಂಡೊಂದು ಇರುತ್ತದೆ. ಎಲೆ ಹೆಚ್ಚುಕಡಿಮೆ ಗಜದುದ್ದ, ಬೆರಳಗಲ, ಮುಟ್ಟಿದರೆ ಗಟ್ಟಿ. ಮುಂಡಿಗೆಯ ಎಳೆಯ ಸಸಿ ಇರಬೇಕೆಂದುಕೊಂಡು ದಾಟಿಹೋಗುವವರೇ ಹೆಚ್ಚು.

ಪಕ್ಕದಲ್ಲಿ ಕೂತು ನೋಡಿದರೆ ಬೇರೆಯದೇ ಗಿಡ. ಎಲೆಯಲ್ಲಿ ಮೂರು ನರಗಳು ಎದ್ದು ಕಾಣುತ್ತವೆ. ನಡುವಿನದು ಕೆಳಕ್ಕೆ ತಗ್ಗಿ, ಅಕ್ಕಪಕ್ಕದವು ಮೇಲಕ್ಕೆ ಉಬ್ಬಿ, ಯಾರೋ ಮಡಿಚಿ ಇಟ್ಟು ಆಮೇಲೆ ಬಿಡಿಸಿದ ಹಾಗಿದೆ. ಅಂಚಿನ ಮೇಲೆ ಬೆರಳನ್ನು ತುದಿಯಿಂದ ಬುಡದ ಕಡೆಗೆ ಎಳೆದರೆ ಕಣ್ಣಿಗೆ ಕಾಣದ ಹಲ್ಲುಗಳು ಚರ್ಮಕ್ಕೆ ಸಿಗುತ್ತವೆ. ನಡುವಿನಿಂದ ಎದ್ದ ಹೂದಂಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದರೆ ಮೂರು ಏಣು ತಾಗುತ್ತವೆ. ಅಲ್ಲಿಗೆ ಇದು ಜೇಕಿನ ಬಳಗ ಎಂಬುದು ಖಾತ್ರಿ. ಹುಲ್ಲಿನ ದಂಟು ದುಂಡು, ಒಳಗೆ ಪೊಳ್ಳು. ಜೇಕಿನದು ಸಾಮಾನ್ಯವಾಗಿ ಮುಮ್ಮೂಲೆ, ಒಳಗೆ ತಿರುಳು ತುಂಬಿರುತ್ತದೆ. ದಂಟಿನ ತುದಿಯಲ್ಲಿ ಕಂದು ಬಣ್ಣದ ಚಿಕ್ಕ ಚಿಕ್ಕ ತೆನೆಗಳು, ಒಂದೊಂದೂ ಅರ್ಧ ಸೆಂಟಿಮೀಟರಿನ ಆಸುಪಾಸು. ಬಣ್ಣವಿಲ್ಲ, ದಳವಿಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಹೈಪೊಲಿಟ್ರಮ್ ನೆಮೋರಮ್. ಕೋಪನ್‌ಹೇಗನ್ನಿನ ಸಸ್ಯವಿಜ್ಞಾನಿ ಮಾರ್ಟಿನ್ ವಾಲ್ 1794ರಲ್ಲಿ ಇದನ್ನು ವರ್ಣಿಸಿದಾಗ ಸ್ಕೀನಸ್ ಎಂಬ ಬೇರೆ ಕುಲಕ್ಕೆ ಸೇರಿಸಿದ್ದರು. ಈಗಿನ ಕುಲಕ್ಕೆ ಬಂದದ್ದು ಆಮೇಲೆ. ಪಶ್ಚಿಮಘಟ್ಟದಲ್ಲಿ, ಶ್ರೀಲಂಕೆಯಲ್ಲಿ, ಅಲ್ಲಿಂದ ಆಗ್ನೇಯ ಏಷ್ಯಾದ ಮಳೆಕಾಡುಗಳ ತನಕ ಇದು ಹಬ್ಬಿದೆ.

ಜೇಕಿನ ಬಳಗ ಸಣ್ಣದೇನಲ್ಲ. 5,500ಕ್ಕೂ ಹೆಚ್ಚು ಜಾತಿಗಳಿವೆ. ಏಕದಳ ಸಸ್ಯಗಳಲ್ಲಿ ಆರ್ಕಿಡ್ ಮತ್ತು ಹುಲ್ಲಿನ ಕುಟುಂಬ ಬಿಟ್ಟರೆ ಇದೇ ದೊಡ್ಡದು. ಈಜಿಪ್ಟಿನವರು ಬರೆಯಲು ಬಳಸಿದ ಪಪೈರಸ್ ಜೇಕು. ತಮಿಳುನಾಡಿನ ಪತ್ತಮಡೈಯಲ್ಲಿ ಬಟ್ಟೆಯಷ್ಟು ನಯವಾಗಿ ನೇಯುವ ಚಾಪೆ ಜೇಕಿನದು. ನಮ್ಮ ಹೊಲದ ಕೊನ್ನಾರಿ ಜೇಕು; ಅದರ ಗಡ್ಡೆಯೇ ಆಯುರ್ವೇದದ ಭದ್ರಮುಷ್ಟಿ. ಕುಟುಂಬ ಇಷ್ಟು ದೊಡ್ಡದಾದರೂ ನನ್ನನ್ನು ಹಿಡಿದು ಕೂರಿಸಿದ್ದು ಕಾನಿನ ಕತ್ತಲೆಯಲ್ಲಿರುವ ಈ ಒಂದು ಜಾತಿ. ಕಾರಣ, ಇದರ ಮುಂದೆ ಕೂತು ಒಂದು, ಎರಡು ಎಂದು ಎಣಿಸಲು ಹೊರಟರೆ ಪ್ರತಿ ಹಂತದಲ್ಲೂ ಲೆಕ್ಕ ತಪ್ಪುತ್ತದೆ. ಅದು ಎಣಿಸುವವರ ಅಜಾಗರೂಕತೆಯಿಂದಲ್ಲ. ಎಣಿಸಲು ಬೇಕಾದ 'ಒಂದು' ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಗಿಡ ನಮಗೆ ಹೇಳಿಕೊಡುವುದಿಲ್ಲ.

ಹೂವಿನಿಂದಲೇ ತೊಡಗುತ್ತೇನೆ. ಒಂದು ತೆನೆಯನ್ನು ಕೈಮಸೂರದ ಕೆಳಗೆ ಹಿಡಿದು ಸೂಜಿಮೊನೆಯಿಂದ ಬಿಡಿಸಿದರೆ, ಕಂದು ಸಿಪ್ಪೆಗಳು ಸುರುಳಿಯಾಗಿ ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ. ಒಂದು ಸಿಪ್ಪೆಯನ್ನು ಎತ್ತಬೇಕು. ಅದರ ಕಂಕುಳಲ್ಲಿ ಎರಡು ಚಿಕ್ಕ ಸಿಪ್ಪೆಗಳು ಎದುರುಬದುರಾಗಿ, ದೋಣಿಯ ತಳದಂತೆ ಬಾಗಿ ನಿಂತಿರುತ್ತವೆ. ಎರಡಕ್ಕೂ ಒಂದೊಂದು ಕೇಸರ. ನಡುವೆ ಅಂಡಾಶಯ, ಅದರ ತಲೆಯ ಮೇಲೆ ಇಬ್ಭಾಗವಾದ ಶಲಾಕಾಗ್ರ. ಶಾಲೆಯಲ್ಲಿ ದಾಸವಾಳ ಬಿಡಿಸಿ ಕಲಿತ ಯಾರೇ ಆದರೂ ಇದನ್ನು ಒಂದು ಹೂವು ಎಂದೇ ಹೇಳುತ್ತಾರೆ. ಹೊರಗೆ ರಕ್ಷಣೆಗೆ ಸಿಪ್ಪೆ, ಅದರೊಳಗೆ ಗಂಡು ಭಾಗ, ನಟ್ಟನಡುವೆ ಹೆಣ್ಣು ಭಾಗ. ಹೂವಿಗೆ ಇನ್ನೇನು ಬೇಕು?

ಬಹಳ ಕಾಲ ಕೆಲವು ಸಸ್ಯವಿಜ್ಞಾನಿಗಳೂ ಹಾಗೆಯೇ ತಿಳಿದಿದ್ದರು. ಲಿಲ್ಲಿಯಂಥ ಮೂಲದಿಂದ ಬಂದ ಒಂದು ಹೂವು ಸವೆಯುತ್ತ ಸವೆಯುತ್ತ ಹೀಗಾಗಿದೆ, ಆ ಸಿಪ್ಪೆಗಳು ಬಣ್ಣ ಕಳೆದುಕೊಂಡ ದಳಗಳ ಉಳಿಕೆ ಎಂಬುದು ಅವರ ಓದು. ಇನ್ನು ಕೆಲವರು ಇದನ್ನು ಒಪ್ಪಲಿಲ್ಲ. ಸಿಪ್ಪೆಯ ಕಂಕುಳಲ್ಲಿರುವ ಒಂಟಿ ಕೇಸರವೇ ಒಂದು ಪೂರ್ಣ ಗಂಡು ಹೂವು. ನಡುವಿನ ಅಂಡಾಶಯ ಒಂದು ಪೂರ್ಣ ಹೆಣ್ಣು ಹೂವು. ನಾವು ಹೂವು ಎಂದುಕೊಂಡದ್ದು ಒಂದು ಗೊಂಚಲು ಎಂಬುದು ಅವರ ವಾದ. ಸಿಂಗಪುರದ ಸಸ್ಯೋದ್ಯಾನದಲ್ಲಿ ಬಹುಕಾಲ ದುಡಿದ ಆರ್. ಇ. ಹೋಲ್ಟಮ್ 1948ರಲ್ಲಿ ಜೇಕಿನ ತೆನೆಯ ಬಗ್ಗೆಯೇ ಒಂದು ದೀರ್ಘ ಲೇಖನ ಬರೆದು ಗೊಂಚಲಿನ ಪಕ್ಷಕ್ಕೆ ಬಲ ತಂದರು. ಉಷ್ಣವಲಯದ ಕಾಡನ್ನು ಹತ್ತಿರದಿಂದ ಕಂಡವರಿಗೆ ಈ ಸಂಶಯ ಮೊದಲು ಬಂದದ್ದು ಸಹಜ. ಯೂರೋಪಿನ ಜೌಗಿನಲ್ಲಿ ಬೆಳೆಯುವ ಜೇಕುಗಳಲ್ಲಿ ಈ ರಚನೆ ಇಲ್ಲ. ಹೈಪೊಲಿಟ್ರಮ್, ಮಪಾನಿಯಾ ಮುಂತಾದ ಮಳೆಕಾಡಿನ ಜೇಕುಗಳು ಕುಟುಂಬದ ಬುಡದಲ್ಲೇ ಕವಲೊಡೆದು ಬೇರೆಯಾದ ಶಾಖೆ. ಆಮೇಲೆ ಬಂದ ಡಿಎನ್‌ಎ ಅಧ್ಯಯನಗಳೂ ಅದನ್ನೇ ತೋರಿಸಿದವು.

ಪ್ರಶ್ನೆ ಇತ್ಯರ್ಥವಾಗುತ್ತ ಬಂದದ್ದು ಈ ಶತಮಾನದಲ್ಲಿ. ಮೊಗ್ಗು ಇನ್ನೂ ಕೂದಲೆಳೆಯ ದಪ್ಪ ಇರುವಾಗಲೇ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು, ಯಾವ ಉಬ್ಬು ಮೊದಲು ಏಳುತ್ತದೆ, ಯಾವುದು ಆಮೇಲೆ ಎಂದು ಹಂತ ಹಂತವಾಗಿ ಹಿಂಬಾಲಿಸಿದರು. 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದೇ ಶಾಖೆಯ ಲೆಪಿರೋನಿಯಾ ಎಂಬ ಜೇಕನ್ನು ತೆಗೆದುಕೊಂಡು ಮೊಗ್ಗು ಬೆಳೆಯುವ ಕ್ರಮವನ್ನೂ, ಹೂವಾಗಲು ಬೇಕಾದ ಪ್ರೊಟೀನು ಮೊಗ್ಗಿನ ಯಾವ ಯಾವ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನೂ ಗುರುತಿಸಿದರು. ಒಂದೇ ಹೂವು ಎಂಬ ಓದು ನಿಲ್ಲುವುದಿಲ್ಲ ಎಂಬುದು ಅವರ ತೀರ್ಮಾನ. ಅಂದರೆ ಹೈಪೊಲಿಟ್ರಮ್‌ನಲ್ಲಿ ನಾವು ಎತ್ತಿ ನೋಡಿದ ಆ ಸಿಪ್ಪೆಯ ಅಡಿಯಲ್ಲಿರುವುದು ಮೂರು ಹೂವುಗಳು, ಎರಡು ಗಂಡು ಒಂದು ಹೆಣ್ಣು. ಅವು ಎಷ್ಟು ಹತ್ತಿರ ಬಂದಿವೆಯೆಂದರೆ, ತಮ್ಮ ತಮ್ಮ ದಳ, ತೊಟ್ಟು, ಬಣ್ಣ ಎಲ್ಲವನ್ನೂ ಬಿಟ್ಟು ಒಬ್ಬರಿಗೊಬ್ಬರು ಅಂಗಾಂಗಗಳಂತೆ ಆಗಿಬಿಟ್ಟಿವೆ.

ಇಂಥ ಕೂಡುಬಾಳು ಸಸ್ಯಲೋಕದಲ್ಲಿ ಇದೊಂದೇ ಕಡೆ ಇಲ್ಲ. ಸೂರ್ಯಕಾಂತಿಯ ಒಂದು ಹೂವಿನಲ್ಲಿ ನೂರಾರು ಹೂಗಳಿವೆ, ನಾವು ಎಸಳು ಎನ್ನುವುದೂ ಅಲ್ಲಿ ಒಂದು ಹೂವೇ. ಬಯಲುಸೀಮೆಯ ಬೇಲಿಗಳಲ್ಲಿ ನಿಂತ ಕಳ್ಳಿಯ ಹೂವೂ ಹೀಗೇ: ನಡುವೆ ಒಂದು ಹೆಣ್ಣು ಹೂ, ಸುತ್ತ ಒಂದೊಂದೇ ಕೇಸರದ ಗಂಡು ಹೂಗಳು. ಅಲ್ಲಿ ಗುಟ್ಟು ಹೊರಬಿದ್ದದ್ದು ಒಂದು ಗೆಣ್ಣಿನಿಂದ. ಕೇಸರದ ಕಡ್ಡಿಯ ನಡುವೆ ಸಣ್ಣ ಕೀಲೊಂದಿದೆ. ಕೀಲಿನ ಮೇಲಿನದು ಕೇಸರ, ಕೆಳಗಿನದು ಆ ಹೂವಿನ ತೊಟ್ಟು ಎಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಾಬರ್ಟ್ ಬ್ರೌನ್ ಕಂಡುಕೊಂಡರು. ಒಂದು ಕಾಲದಲ್ಲಿ ಬೇರೆಯಾಗಿದ್ದೆವು ಎನ್ನುವುದಕ್ಕೆ ಕಳ್ಳಿಯಲ್ಲಿ ಅಷ್ಟಾದರೂ ಗುರುತು ಉಳಿದಿದೆ. ಕಾನಿನ ಜೇಕಿನಲ್ಲಿ ಆ ಕೀಲೂ ಕಣ್ಣಿಗೆ ಸಿಗುವುದಿಲ್ಲ. ಸಿಪ್ಪೆ ಯಾವ ಕ್ರಮದಲ್ಲಿ ಮೂಡಿತು ಎಂಬುದರಿಂದ ಊಹಿಸಬೇಕು.

ಶೃಂಗೇರಿಯಿಂದ ಉಡುಪಿಗೆ ಹೊರಟರೆ ದಾರಿ ಈ ಕಾನುಗಳನ್ನು ಸೀಳಿಕೊಂಡು ಆಗುಂಬೆ ಘಾಟಿ ಇಳಿಯುತ್ತದೆ. ಬಸ್ಸಿನಲ್ಲಿ ಅರ್ಧ ದಿನವೂ ಹಿಡಿಯದ ದಾರಿ. ಒಂದು ತುದಿಯಲ್ಲಿ ಶಂಕರರ ಪೀಠ, ಇನ್ನೊಂದು ತುದಿಯಲ್ಲಿ ಮಧ್ವರ ಕೃಷ್ಣ. ಒಂದು ಕಡೆ, ಗಡಿಗೆಯೊಳಗಿನ ಆಕಾಶ ಬೇರೆ ಹೊರಗಿನ ಆಕಾಶ ಬೇರೆ ಎಂಬುದು ಗಡಿಗೆ ಇರುವ ತನಕದ ಮಾತು ಎಂಬ ಬೋಧೆ. ಇನ್ನೊಂದು ಕಡೆ ಪಂಚಭೇದ: ಜೀವ ಈಶ್ವರ ಬೇರೆ, ಜೀವ ಜೀವ ಬೇರೆ, ಜಡ ಜಡವೂ ಬೇರೆ, ಆ ಭೇದ ಸತ್ಯ, ಎಂದಿಗೂ ಅಳಿಯದು. ಒಂದೇ ಮಳೆ ಬೀಳುವ ಈ ಇಷ್ಟು ಚಿಕ್ಕ ಸೀಮೆಯಲ್ಲಿ ಶತಮಾನಗಳ ಕಾಲ ಜನ ಒಂದು ಎಂದರೇನು, ಹಲವು ಎಂದರೇನು ಎಂದು ವಾದಿಸಿದ್ದಾರೆ, ಉಪವಾಸ ಕೂತು ಓದಿದ್ದಾರೆ, ಮನೆ ಮಠ ಬಿಟ್ಟಿದ್ದಾರೆ. ಅವರು ಕೇಳಿದ್ದು ಬ್ರಹ್ಮದ ಪ್ರಶ್ನೆ. ಹೂವಿನ ಸಿಪ್ಪೆ ಬಿಡಿಸಿ ಅದಕ್ಕೆ ಉತ್ತರ ಹೇಳುತ್ತೇನೆ ಎನ್ನುವುದು ಸಲ್ಲದು. ಆದರೂ ಪ್ರಶ್ನೆಯ ಗಾಂಭೀರ್ಯವನ್ನು ಅವರಿಂದಲೇ ಕಲಿಯಬೇಕು. ಎಣಿಕೆ ಗುಮಾಸ್ತರ ಕೆಲಸವಷ್ಟೇ ಅಲ್ಲ, ಯಾವುದನ್ನು ಒಂದು ಎನ್ನುತ್ತೇವೆ ಎಂಬುದರ ಮೇಲೆ ನಾವು ಬದುಕುವ ರೀತಿ ನಿಂತಿದೆ ಎಂದು ಅವರು ನಂಬಿದ್ದರು.

ಜೇಕಿನ ಹೂವಿನ ಮುಂದೆ ನನಗೆ ಒಲವು ಹುಟ್ಟುವುದು ಭೇದ ನಿಜ ಎನ್ನುವ ಕಡೆಗೆ. ಮೂರು ಹೂವು ಒಂದಾಗಿ ಕಾಣುವುದು ನಮ್ಮ ಕಣ್ಣಿನ ಮಿತಿ ಎಂದಷ್ಟೇ ಹೇಳಿದರೆ ಅರ್ಧ ಹೇಳಿದ ಹಾಗೆ. ಅವು ನಿಜಕ್ಕೂ ಒಂದಾಗಿ ಕೆಲಸ ಮಾಡುತ್ತಿವೆ, ಒಂದೇ ಸಿಪ್ಪೆಯ ಆಸರೆಯಲ್ಲಿ ಒಂದು ಕಾಯಿ ಕಟ್ಟುತ್ತವೆ. ಹಾಗಿದ್ದೂ ಮೊಗ್ಗಿನ ಮೊದಲ ಗಳಿಗೆಯಲ್ಲಿ ಪ್ರತಿಯೊಂದೂ ತನ್ನದೇ ಜಾಗದಿಂದ ಎದ್ದಿತ್ತು. ಕೂಡಿ ಬಾಳುವುದಕ್ಕೆ ಬೇರೆ ಬೇರೆಯಾಗಿ ಹುಟ್ಟಿದ್ದು ಅಡ್ಡಿಯಾಗಲಿಲ್ಲ, ಕೂಡಿ ಬಾಳಿದ ಮೇಲೆ ಆ ಹುಟ್ಟು ಸುಳ್ಳೂ ಆಗಲಿಲ್ಲ. ಇಷ್ಟು ದೂರ ನನ್ನ ಮನಸ್ಸು ನೆಮ್ಮದಿಯಿಂದ ಬರುತ್ತದೆ. ಪರಾಗದ ಹತ್ತಿರ ಬಂದಾಗ ಆ ನೆಮ್ಮದಿ ಉಳಿಯುವುದಿಲ್ಲ.

ಹೂಬಿಡುವ ಗಿಡಗಳಲ್ಲಿ ಪರಾಗ ಹುಟ್ಟುವ ರೀತಿ ಇದು: ಒಂದು ತಾಯಿಕೋಶ ಎರಡು ಸಲ ಒಡೆದು ನಾಲ್ಕಾಗುತ್ತದೆ, ಸಾಮಾನ್ಯವಾಗಿ ಆ ನಾಲ್ಕೂ ನಾಲ್ಕು ಪರಾಗಕಣಗಳಾಗುತ್ತವೆ. ಭತ್ತದಲ್ಲಿ ಹಾಗೆ, ಮಾವಿನಲ್ಲಿ ಹಾಗೆ, ದಾಸವಾಳದಲ್ಲಿ ಹಾಗೆ. ಜೇಕಿನಲ್ಲಿ ಹಾಗಲ್ಲ. ಒಂದು ಕೋಶದೊಳಗೆ ನಾಲ್ಕು ಕೇಂದ್ರಗಳು ತಯಾರಾಗುತ್ತವೆ, ಆದರೆ ನಡುವೆ ಪೂರ್ತಿ ಗೋಡೆ ಏಳುವುದಿಲ್ಲ. ಒಂದು ಕೇಂದ್ರ ಜಾಗ ಹಿಡಿದು ಬೆಳೆಯುತ್ತದೆ. ಉಳಿದ ಮೂರು ಒಂದು ಬದಿಗೆ ಸರಿದು, ಸೊರಗಿ, ಅಳಿಯುತ್ತವೆ. ಬದುಕಿದ್ದರ ಸುತ್ತ ಪರಾಗದ ಗಟ್ಟಿ ಕವಚ ಬೆಳೆಯುವಾಗ ಸತ್ತ ಮೂರೂ ಅದೇ ಕವಚದೊಳಗೆ ಸಿಕ್ಕಿಕೊಂಡಿರುತ್ತವೆ. ಜೇಕಿನ ಒಂದು ಪರಾಗಕಣ ಹಾರಿದಾಗ ನಾಲ್ವರು ಹಾರಿದಂತೆ. ಅವರಲ್ಲಿ ಒಬ್ಬನೇ ಜೀವಂತ.

ಹೆಣ್ಣಿನ ಕಡೆ ಇಂಥದ್ದು ಬಹಳ ಸಾಮಾನ್ಯ. ಬಹುಪಾಲು ಗಿಡಗಳ ಅಂಡಕದಲ್ಲಿ ನಾಲ್ಕರಲ್ಲಿ ಮೂರು ಅಳಿದು ಒಂದು ಉಳಿಯುತ್ತದೆ. ಗಂಡಿನ ಕಡೆ ಈ ರೀತಿ ತೀರಾ ಅಪರೂಪ. ಜೇಕಿನ ಇಡೀ ಬಳಗ ಇದನ್ನು ಪಾಲಿಸಿಕೊಂಡು ಬಂದಿದೆ, ಅಷ್ಟೂ ಸಾವಿರ ಜಾತಿಗಳಲ್ಲಿ.

ಇದನ್ನು ಓದಿದವರು ತಟ್ಟನೆ ತ್ಯಾಗ ಎಂದುಬಿಡುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆಯ ಹಿಂದಿನ ತಲೆಮಾರಿನ ಎಷ್ಟೋ ಮನೆಗಳಲ್ಲಿ ಒಬ್ಬ ಹುಡುಗ ಓದಿ ಪೇಟೆಗೆ ಹೋದ; ಅಕ್ಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕೊಟ್ಟಿಗೆ ಹಿಡಿದಳು, ಅಣ್ಣ ತೋಟದ ಕೆಲಸಕ್ಕೆ ನಿಂತ, ತಂಗಿಯ ಹೆಸರನ್ನು ಶಾಲೆಗೆ ಬರೆಸಲೇ ಇಲ್ಲ. ಆಮೇಲೆ ಊರು ಹೇಳುವುದು 'ಆ ಮನೆಯಿಂದ ಒಬ್ಬ ಮುಂದೆ ಬಂದ' ಎಂದು. ಉಳಿದವರು ತ್ಯಾಗ ಮಾಡಿದರು ಎಂದು ಮದುವೆ ಮನೆಯಲ್ಲಿ ಹೊಗಳುತ್ತಾರೆ. ತ್ಯಾಗಕ್ಕೆ ಬೇಡ ಎನ್ನುವ ಅವಕಾಶ ಇರಬೇಕು. ಅಕ್ಕನಿಗೆ ಯಾರೂ ಕೇಳಿರಲಿಲ್ಲ. ಪರಾಗದ ಆ ಮೂರು ಕೇಂದ್ರಗಳಿಗೆ ಕೇಳುವ ಕೇಳಿಸಿಕೊಳ್ಳುವ ಮಾತೇ ಇಲ್ಲ, ಆದ್ದರಿಂದ ಅಲ್ಲಿ ಅನ್ಯಾಯವೂ ಇಲ್ಲ, ಪುಣ್ಯವೂ ಇಲ್ಲ. ಮನುಷ್ಯರ ಮನೆಯಲ್ಲಿ ಕೇಳಬಹುದಿತ್ತು. ಪ್ರಕೃತಿಯಲ್ಲಿ ಕಂಡದ್ದನ್ನು ತಂದು ನಮ್ಮ ಮನೆಯ ಏರ್ಪಾಟಿಗೆ ಸಮರ್ಥನೆಯಾಗಿ ನಿಲ್ಲಿಸುವ ಚಾಳಿಗೆ ನಾನು ಹೆದರುತ್ತೇನೆ. ಕಾಡಿನ ಬಗ್ಗೆ ಬರೆಯುವವರೆಲ್ಲ ಹೆದರಬೇಕು.

ಆದರೆ ಒಂದು ವಿಷಯ ಹೊಗಳಿಕೆ ತೆಗಳಿಕೆಗಳಾಚೆ ಉಳಿಯುತ್ತದೆ. ಆ ಪರಾಗವನ್ನು ಒಂದು ಎಂದು ಎಣಿಸಿದರೆ ಅದರೊಳಗಿನ ಮೂರು ಲೆಕ್ಕದಿಂದ ಹೋದವು. ನಾಲ್ಕು ಎಂದರೆ ಸತ್ತವರನ್ನೂ ಸೇರಿಸಿದ ಹಾಗಾಯಿತು. ಉಳಿದದ್ದರ ಚರಿತ್ರೆ ಬರೆಯುವಾಗ ಉಳಿಯದೇ ಹೋದವರಿಗೆ ಎಷ್ಟು ಜಾಗ ಕೊಡಬೇಕು? ಮನೆತನದ ಚರಿತ್ರೆ, ಊರಿನ ಚರಿತ್ರೆ, ನಾಡಿನ ಚರಿತ್ರೆ, ಎಲ್ಲಕ್ಕೂ ಈ ಪ್ರಶ್ನೆ ಅಂಟಿಕೊಂಡಿದೆ. ಕವಚದೊಳಗೆ ಅವರೂ ಇದ್ದಾರೆ ಎಂಬಷ್ಟನ್ನಾದರೂ ಬರೆಯದ ಚರಿತ್ರೆ ಸುಳ್ಳು ಚರಿತ್ರೆ ಎಂದೇ ನನ್ನ ನಂಬಿಕೆ.

ಹೂವು, ಪರಾಗ ಬಿಟ್ಟು ಗಿಡವನ್ನೇ ಎಣಿಸೋಣ ಎಂದರೆ ಅದೂ ಸುಲಭವಲ್ಲ. ತರಗೆಲೆ ಬಳಿಯಲು ಬಂದಿದ್ದ ಹಿರಿಯ ಹೆಂಗಸೊಬ್ಬರು ನಾನು ಹಳ್ಳದ ಪಕ್ಕ ಮಂಡಿಯೂರಿ ಕೂತಿದ್ದು ಕಂಡು ಕುಕ್ಕೆ ಇಳಿಸಿದರು.

"ಎಂತ ಹುಡುಕ್ತಿದೀರಿ ಮಾರಾಯ್ರೆ, ಏನಾದ್ರೂ ಬೀಳಿಸ್ಕೊಂಡ್ರಾ?"

"ಇಲ್ಲ ಅಮ್ಮಾ, ಈ ಗಿಡ ನೋಡ್ತಿದ್ದೆ. ಇಲ್ಲಿ ಎಷ್ಟು ಇರಬಹುದು ಅಂತ."

"ಅದು ಜೇಕಿನ ಜಾತಿ. ದನ ಮೂಸಿ ನೋಡೂದಿಲ್ಲ, ಅಂಚು ಕೊಯ್ತದೆ." ಅವರು ಹಳ್ಳದ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದರು. "ಎಷ್ಟು ಅಂದ್ರೆ ಎಂತ ಹೇಳೂದು? ಹಿಂಡು ಒಂದೇ. ಒಳಗೆ ನೀವು ಎಣಿಸಿದಷ್ಟು."

ಬಾಳೆ, ಬಿದಿರು, ಏಲಕ್ಕಿಗಳ ನಡುವೆ ಬದುಕಿದವರಿಗೆ ಇದು ವಿಶೇಷದ ಮಾತಲ್ಲ. ಮಣ್ಣು ಸರಿಸಿದರೆ ಅವರು ಹೇಳಿದ್ದೇ ಕಾಣುತ್ತದೆ. ಎಲೆಗಳ ಗುಂಪು ಮೇಲೆ ಬೇರೆ ಬೇರೆ. ಕೆಳಗೆ ಮರದಂತೆ ಗಡುಸಾದ, ಹೊಟ್ಟು ಹೊದ್ದ ಅಡ್ಡಕಾಂಡ ಒಂದಕ್ಕೊಂದನ್ನು ಹಿಡಿದುಕೊಂಡಿದೆ. ಹಳೆಯ ತುಂಡು ಕೊಳೆತರೆ ಕೊಂಡಿ ಕಳಚಿ ಒಂದು ಹಿಂಡು ಎರಡಾಗುತ್ತದೆ. ಆಗ ಹುಟ್ಟಿದ್ದು ಯಾರು, ಸತ್ತದ್ದು ಯಾರು? ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳ ಕೇರೆಕ್ಸ್ ಕರ್ವುಲಾ ಎಂಬ ಜೇಕಿನ ಡಿಎನ್‌ಎ ಪರೀಕ್ಷಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು, 7,000ಕ್ಕೂ ಹೆಚ್ಚು ಕವಲುಗಳ ಒಂದು ಹಾಸು ಒಂದೇ ಬೀಜದಿಂದ ಬಂದದ್ದೆಂದೂ ಅದರ ವಯಸ್ಸು ಸುಮಾರು 2,000 ವರ್ಷ ಇರಬಹುದೆಂದೂ ಹೇಳಿತು. ಆ ಹಾಸಿನ ಯಾವ ಎಲೆಯೂ ಕೆಲವು ವರ್ಷಕ್ಕಿಂತ ಹಳೆಯದಲ್ಲ.

ಕೊನ್ನಾರಿ ಕಿತ್ತು ಕೈಸೋತ ರೈತರಿಗೆ ಇದೇ ಸತ್ಯ ಬೇರೆ ಮುಖದಲ್ಲಿ ಗೊತ್ತು. ನೆಲದಡಿ ಗಡ್ಡೆಗೆ ಗಡ್ಡೆ ಎಳೆಯಿಂದ ಸರಪಳಿಯಾಗಿ ಕೂಡಿರುತ್ತದೆ. ಸರಪಳಿ ಇಡಿಯಾಗಿರುವಾಗ ಎಷ್ಟೋ ಗಡ್ಡೆಗಳ ಮೊಳಕೆ ನಿದ್ದೆ ಮಾಡುತ್ತಿರುತ್ತದೆ, ಒಂದನ್ನು ಎಳೆದು ಎಳೆ ಹರಿದ ಕೂಡಲೇ ಉಳಿದವು ಎಚ್ಚರಗೊಂಡು ಚಿಗುರುತ್ತವೆ. ಲೆರಾಯ್ ಹೋಮ್ ಮತ್ತು ಸಂಗಡಿಗರು 1977ರಲ್ಲಿ ಜಗತ್ತಿನ ಕಳೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಕೊನ್ನಾರಿಗೆ ಮೊದಲ ಸ್ಥಾನ ಕೊಟ್ಟದ್ದು ಸುಮ್ಮನೆ ಅಲ್ಲ. ಇನ್ನೂ ಒಳಗೆ ಹೋದರೆ ವರ್ಣತಂತುವಿನಲ್ಲೂ ಈ ಗುಣ. ಕೋಶ ಒಡೆಯುವಾಗ ನಮ್ಮ ವರ್ಣತಂತುವನ್ನು ಹಿಡಿದೆಳೆಯುವ ಗಂಟು ಒಂದೇ ಜಾಗದಲ್ಲಿದೆ. ತುಂಡಾದರೆ ಗಂಟಿಲ್ಲದ ತುಂಡು ಕಳೆದುಹೋಗುತ್ತದೆ. ರಿಂಕೋಸ್ಪೊರಾದಂಥ ಜೇಕುಗಳಲ್ಲಿ ಆ ಗಂಟು ಉದ್ದಕ್ಕೂ ಹರಡಿದೆ. ಜರ್ಮನಿಯ ಕಲೋನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ 2022ರಲ್ಲಿ ಅವುಗಳ ಪೂರ್ಣ ಜೀನೋಮ್ ಓದಿ ಇದನ್ನು ವಿವರಿಸಿತು. ತುಂಡಾದರೂ ತುಂಡು ಬದುಕುತ್ತದೆ, ಮುಂದಿನ ಪೀಳಿಗೆಗೆ ದಾಟುತ್ತದೆ.

ಕೊನ್ನಾರಿಗೂ ಕಾನಿನ ಜೇಕಿಗೂ ಇರುವ ದೊಡ್ಡ ಅಂತರ ಬೆಳಕಿನದು. ಕೊನ್ನಾರಿ ಸುಡುಬಿಸಿಲಿನ ಜೀವ. ಬಿಸಿಲನ್ನು ಬೇಗ ಬೇಗ ಅನ್ನ ಮಾಡಿಕೊಳ್ಳುವ ಸಿ4 ಎಂಬ ವಿಧಾನ ಅದರ ಎಲೆಯಲ್ಲಿದೆ, ಕಬ್ಬು ಜೋಳಗಳಲ್ಲಿರುವ ಹಾಗೆ. ಹೈಪೊಲಿಟ್ರಮ್ ಸೇರಿದ ಶಾಖೆಯಲ್ಲಿ ಹಳೆಯ ಸಿ3 ವಿಧಾನವೇ ನಡೆದುಬಂದಿದೆ. ದಟ್ಟ ಮಳೆಕಾಡಿನ ನೆಲ ಮುಟ್ಟುವ ಬೆಳಕು ಚಪ್ಪರದ ಮೇಲೆ ಬೀಳುವುದರ ಶೇಕಡ 1ರಿಂದ 2ರಷ್ಟು. ಅದರಲ್ಲೂ ದಿನದ ಬಹುಪಾಲು ಮಬ್ಬು. ಮೇಲಿನ ಎಲೆ ಅಲುಗಿದಾಗ ನಾಣ್ಯದಗಲದ ಬಿಸಿಲು ಬಿದ್ದು, ಎಲೆಯ ಮೇಲೆ ಸ್ವಲ್ಪ ಹೊತ್ತು ಸರಿದಾಡಿ ಹೋಗುತ್ತದೆ. ಕಾನಿನಡಿಯ ಗಿಡಗಳು ದಿನದ ಗಳಿಕೆಯ ದೊಡ್ಡ ಪಾಲನ್ನು ಮಾಡುವುದು ಆ ಗಳಿಗೆಗಳಲ್ಲೇ. ಎಲೆಯನ್ನು ಬೇಗ ಬದಲಿಸುವಷ್ಟು ಸಿರಿವಂತಿಕೆ ಇಲ್ಲ, ಒಮ್ಮೆ ಮಾಡಿಕೊಂಡ ಎಲೆ ಬಹುಕಾಲ ಬಾಳಬೇಕು. ಆ ಗಟ್ಟಿತನಕ್ಕೆ, ಅಂಚಿನ ಹಲ್ಲಿಗೆ ಕಾರಣ ಹುಡುಕಿದರೆ ಇಲ್ಲಿಯೇ ಸಿಗುತ್ತದೆ. ಹಳೆಯ ಎಲೆಯ ಮೇಲೆ ಪಾಚಿ, ಕಲ್ಲುಹೂವು ಬೆಳೆದಿರುವುದನ್ನು ಎಷ್ಟೋ ಕಡೆ ನೋಡಬಹುದು. ಎಲೆ ಎಂಬುದೂ ಒಂದು ಊರೇ.

ಬೆಳಕಿನಂತೆ ಗಾಳಿಯೂ ಕಡಿಮೆ. ಬಯಲಿನ ಜೇಕುಗಳು ಪರಾಗವನ್ನು ಗಾಳಿಗೆ ತೂರಿಬಿಡುತ್ತವೆ. ಎಲೆ ಅಲುಗದ ಕಾನಿನೊಳಗೆ ಆ ಉಪಾಯ ನಡೆಯುವುದು ಕಷ್ಟ. ಜೇಕಿನ ಬಳಗದಲ್ಲಿ ಗಾಳಿಯ ಹಂಗು ಬಿಟ್ಟು ಕೀಟಗಳ ಕಡೆ ತಿರುಗಿದವೂ ಇವೆ. ಅಮೆರಿಕ ಖಂಡದ ಕೆಲವು ರಿಂಕೋಸ್ಪೊರಾಗಳು ಹೂವಿನ ಕೆಳಗಿನ ಎಲೆಗಳನ್ನೇ ಬೆಳ್ಳಗೆ ಮಾಡಿಕೊಂಡು ಕೀಟ ಕರೆಯುತ್ತವೆ. ದಳ ಕಳೆದುಕೊಂಡ ಹೂವಿನ ಕೊರತೆಯನ್ನು ಅಲ್ಲಿ ಎಲೆ ತುಂಬಿಕೊಟ್ಟಿತು.

ಹೀಗೆ ನೋಡುತ್ತ ಹೋದರೆ ಕಾನು ಜೇಕಿನ ಗಡಿ ಅದರ ಎಲೆತುದಿಯಲ್ಲಿ ಮುಗಿಯುವುದಿಲ್ಲ. ನೂರಡಿ ಮೇಲಿನ ಬಲಗಿಯ ಎಲೆ ಅದರ ಬೆಳಕಿನ ಲೆಕ್ಕ ಬರೆಯುತ್ತದೆ. ಬೇಸಿಗೆಯಲ್ಲೂ ಹಳ್ಳ ಬತ್ತದಿರುವುದಕ್ಕೆ ಗುಡ್ಡದ ತಲೆಯ ಮರಗಳ ಬೇರು ಕಾರಣ. ಒಂದು ದೊಡ್ಡ ಮರ ಉರುಳಿ ಚಪ್ಪರ ತೂತಾದರೆ ಕೆಳಗಿನ ನೆಲಕ್ಕೆ ಹೊಸ ಬಿಸಿಲು, ಹೊಸ ಗಿಡಗಳು. ತೂತು ಮುಚ್ಚಿಕೊಳ್ಳುವ ತನಕ ತಾಳಿಕೊಂಡರೆ ಜೇಕು ಉಳಿಯುತ್ತದೆ. ಇಡೀ ಚಪ್ಪರವೇ ಹೋದರೆ ಅದಕ್ಕೆ ಅಲ್ಲಿ ಕೆಲಸವಿಲ್ಲ, ಬಯಲಿನ ಜೇಕೂ ಹುಲ್ಲೂ ಆ ಜಾಗ ಹಿಡಿಯುತ್ತವೆ.

ಇಲ್ಲಿ ನನಗೆ ತಾತ್ವಿಕ ಪ್ರಶ್ನೆ ಸರ್ಕಾರಿ ಕಾಗದವಾಗಿ ಕಾಣಲು ಶುರುವಾಗುತ್ತದೆ. ರಸ್ತೆಗೋ ಅಣೆಕಟ್ಟಿಗೋ ವಿದ್ಯುತ್ ಮಾರ್ಗಕ್ಕೋ ಕಾಡು ಬಿಟ್ಟುಕೊಡುವ ಪ್ರಸ್ತಾವ ಬಂದಾಗ ಮರಗಳನ್ನು ಜಾತಿವಾರು, ಸುತ್ತಳತೆವಾರು ಎಣಿಸುತ್ತಾರೆ. ಪತ್ರಿಕೆಯಲ್ಲಿ ಬರುವುದು ಇಷ್ಟು ಸಾವಿರ ಮರ ಎಂಬ ಅಂಕಿ. ವಿರೋಧಿಸುವ ನಾವೂ ಅದೇ ಅಂಕಿಯನ್ನು ಫಲಕದ ಮೇಲೆ ಬರೆದು ಹಿಡಿಯುತ್ತೇವೆ. ಅಷ್ಟು ಮರಕ್ಕೆ ಬದಲು ಇನ್ನೆಲ್ಲೋ ಇಷ್ಟು ಸಸಿ ನೆಡುತ್ತೇವೆ ಎಂದು ಉತ್ತರ ಬರುತ್ತದೆ, ಲೆಕ್ಕ ಸರಿಹೋದಂತೆ ಕಾಣುತ್ತದೆ. ಮಲೆನಾಡಿನಲ್ಲಿ ಬೆಳೆದವರಿಗೆ ಅಕೇಶಿಯಾ ನೆಡುತೋಪಿನ ನೆಲ ಗೊತ್ತು. ಮರಗಳ ಸಂಖ್ಯೆಗೆ ಅಲ್ಲಿ ಕೊರತೆಯಿಲ್ಲ. ಕೆಳಗೆ ಕೊಳೆಯದ ಒಣ ಎಲೆಯ ರಾಶಿ, ಅದರ ಅಡಿಯಲ್ಲಿ ಬಿರುಸು ಮಣ್ಣು. ಸುತ್ತಳತೆಯ ಪಟ್ಟಿಗೆ ಏರದ ಜೇಕು, ಜರೀಗಿಡ, ಕೆಸವು, ಹಾವಸೆಗಳೆಲ್ಲ ಮರ ಕಡಿಯುವ ಮೊದಲೇ ಕಾಗದದ ಮೇಲೆ ಇಲ್ಲವಾಗಿರುತ್ತವೆ.

ಯಾವಾಗಲೂ ಹೀಗಿರಲಿಲ್ಲ. ಸೊರಬದ ಕಾನುಗಳ ಬಗ್ಗೆ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಜಂಟಿ ವರದಿ ಬರೆದಾಗ, ಕಾನು ಎಂಬುದೇ ಒಂದು ಘಟಕವಾಗಿ ಅವರ ಕಣ್ಣಿಗೆ ಬಿದ್ದಿತ್ತು. ಊರಿನವರು ಮೆಣಸಿನ ಬಳ್ಳಿಗಾಗಿ, ನೀರಿಗಾಗಿ, ದೇವರಿಗಾಗಿ ಒಂದೊಂದು ಕಾನನ್ನು ಇಡಿಯಾಗಿ ಕಾಪಾಡಿಕೊಂಡಿದ್ದರು. ಅದಕ್ಕೆ ಹೆಸರಿತ್ತು, ಎಲ್ಲೆಯಿತ್ತು. ಒಳಗೆ ಎಷ್ಟು ಮರ ಎಂದು ಕೇಳುವವರಿಗಿಂತ ಒಳಗಿನ ಹಳ್ಳ ಯಾವ ತಿಂಗಳ ತನಕ ಹರಿಯುತ್ತದೆ ಎಂದು ಬಲ್ಲವರು ಹೆಚ್ಚಿದ್ದರು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಮಾಧವ ಗಾಡ್ಗೀಳರು ಈ ದಾಖಲಾತಿಗಾಗಿ ಬಹಳ ದುಡಿದವರು. ಬಹಳ ಕಡೆ ಅದು ಒಂದೇ ನಮೂನೆಯ ಪಟ್ಟಿಯಾಗಿ, ಬೀರುವಿನಲ್ಲಿ ಉಳಿದಿದೆ ಎಂಬುದು ನನ್ನ ದುಃಖ. ಆದರೆ ಪುಸ್ತಕ ಇದೆ, ಬರೆಯುವ ಹಕ್ಕು ಊರಿನವರದು. ಹಳ್ಳದ ದಡದಲ್ಲಿ ನನ್ನನ್ನು ಮಾತಾಡಿಸಿದ ಆ ತಾಯಿಯಂಥವರನ್ನು ಪಂಚಾಯಿತಿ ಕಟ್ಟೆಯ ಮೇಲೆ ಕೂರಿಸಿಕೊಂಡು ಬರೆಯಬೇಕಾದ ಪುಸ್ತಕ ಅದು. ಕಾನು ಜೇಕಿನ ಸಾಲು ಬಂದಾಗ ಎಷ್ಟಿವೆ ಎಂಬ ಮನೆಯಲ್ಲಿ ಸಂಖ್ಯೆ ತುಂಬಲು ಯಾರೂ ಒದ್ದಾಡಬೇಕಿಲ್ಲ. ಹಳ್ಳದ ಎರಡೂ ದಡ, ರಾಮಪತ್ರೆ ಮರಗಳ ಅಡಿ, ಬೇಸಿಗೆಯಲ್ಲಿ ನೆಲದ ಪಸೆ ಆರದಿರುವ ಕಡೆಯೆಲ್ಲ ಇದೆ, ದನ ಮುಟ್ಟುವುದಿಲ್ಲ, ಮೇಲಿನ ಬಲಗಿ ಕಡಿದ ಕಡೆ ಈಗ ಇಲ್ಲ ಎಂದು ಅವರು ಹೇಳಿದ ಹಾಗೆ ಬರೆದುಕೊಂಡರೆ ಆಯಿತು.